ಖಾಲಿ ಕೋಣೆಯ ಸದ್ದು

ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದ ದಿನ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಲಾಗಿತ್ತು. ಒಂಬತ್ತು ಮಂದಿ ಸತ್ತರು.

ಎರಡು ತಿಂಗಳಾದ ಮೇಲೆ ಕಂಪನಿ, ಅಲ್ಲೇ ಕೆಲಸಕ್ಕಿದ್ದ ಆಕೆಯನ್ನು ಪ್ರಚಾರ ವಿಭಾಗಕ್ಕೆ ಹಾಕಿತು. ಕೂರಲು ಕುರ್ಚಿ, ತಲೆಯ ಮೇಲೆ ಫ್ಯಾನು, ಕಲಿಯಲು ಕ್ಯಾಮೆರಾ. ಹದಿನಾಲ್ಕು ವರ್ಷ ನಿಂತೇ ದುಡಿದ ಕಾಲುಗಳಿಗೆ ಕುರ್ಚಿ ಒಗ್ಗಲಿಲ್ಲ. "ನಿನ್ನ ಅದೃಷ್ಟ ಖುಲಾಯಿಸಿತು ಬಿಡು" ಎಂದರು ಬದುಕುಳಿದವರು. ಬೆಂಕಿಯ ದಿನದಿಂದ ಆಕೆಗೆ ಊಟದ ರುಚಿಯೂ ಹತ್ತುತ್ತಿರಲಿಲ್ಲ.

ಕಲಿಸಲು ಬಂದ ಮೇಷ್ಟ್ರು ಆಕೆಯ ತಮ್ಮನ ವಯಸ್ಸಿನವ. ಮೂರು ಕಾಲಿನ ಸ್ಟ್ಯಾಂಡನ್ನು ಅಲುಗದಂತೆ ನಿಲ್ಲಿಸುವುದು, ಕಿಟಕಿಗೆ ಬೆನ್ನು ಮಾಡಿ ಕೂತವರ ಮುಖ ಕಪ್ಪಗೆ ಬರುವುದು, ಎಲ್ಲವನ್ನೂ ತಾಳ್ಮೆಯಿಂದ ಹೇಳಿಕೊಟ್ಟ.

"ಮತ್ತೆ ಮುಖ ಬಿಟ್ಟು ಹಿಂದಿನ ಬಾಗಿಲಿಗೆ ಫೋಕಸ್ ಮಾಡಿದ್ದೀರಲ್ಲಾ ಅಕ್ಕಾ! ಬಾಗಿಲೇನು ಬಾಯಿಬಿಟ್ಟು ಮಾತಾಡುತ್ತಾ?"

ಆಕೆ ಲೆನ್ಸ್ ತಿರುಗಿಸಿದಳು. ಮುಖ ತಿಳಿಯಾಯಿತು, ಬಾಗಿಲು ಮಸುಕಾಯಿತು.

"ಇನ್ನೊಂದು ಪಾಠ. ಮಾತೆಲ್ಲ ಮುಗಿದ ಮೇಲೆ ಖಾಲಿ ಕೋಣೆಯ ಸದ್ದು ಒಂದು ನಿಮಿಷ ಹಿಡೀಬೇಕು. ಯಾರೂ ಪಿಟಿಕ್ಕೆನ್ನಬಾರದು. ಆಮೇಲೆ ಮಾತಿನ ಮಧ್ಯೆ ಕತ್ತರಿ ಆಡಿಸಿದ ಕಡೆ ಆ ಸದ್ದು ತೇಪೆ ಹಾಕ್ತೀವಿ. ಕತ್ತರಿಸಿದ್ದು ನರಪಿಳ್ಳೆಗೂ ಗೊತ್ತಾಗಲ್ಲ."

"ನನಗೇ ಕೆಮ್ಮು ಬಂದ್ರೆ?"

"ಕ್ಯಾಮೆರಾ ಹಿಂದೆ ಇರೋರು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗಿರಬೇಕು ಅಕ್ಕಾ."

ಆ ಕೆಲಸ ತನ್ನಿಂದಾಗುತ್ತದೆ ಎನಿಸಿತು ಆಕೆಗೆ.

ಮೊದಲ ಚಿತ್ರೀಕರಣಕ್ಕೆ, ಸತ್ತ ಹುಡುಗಿಯೊಬ್ಬಳ ತಾಯಿಯನ್ನು ಕರೆಸಿದ್ದರು. ಮ್ಯಾನೇಜರು ತಾಯಿಯ ಕೈಗೆ ಚೀಟಿ ಕೊಟ್ಟು, "ನೋಡ್ಕೊಂಡು ಹೇಳಿ ಅಮ್ಮಾ, ಅಷ್ಟೇ" ಎಂದರು. ಆಕೆ ತಾಯಿಯ ಮುಖವನ್ನು ನೇರವಾಗಿ ನೋಡಲಿಲ್ಲ. ಅಂಗೈಯಗಲದ ಪರದೆಯಲ್ಲಿ ನೋಡಿದಳು.

"ಬಾಗಿಲು ತೆರೆದೇ ಇತ್ತು. ಹೊಗೆಯಲ್ಲಿ ಮಕ್ಕಳಿಗೆ ಕಾಣಲಿಲ್ಲ. ಕಂಪನಿ ನಮ್ಮ ಕೈಬಿಟ್ಟಿಲ್ಲ." ತಾಯಿ ಒಂದೇ ಉಸಿರಿಗೆ ಒಪ್ಪಿಸಿದರು.

"ಚೆನ್ನಾಗಿ ಬಂತು" ಎಂದರು ಮ್ಯಾನೇಜರು.

ಮೇಷ್ಟ್ರು ಫ್ಯಾನು ಆರಿಸಿ ಬೆರಳೆತ್ತಿದ. ಒಂದು ನಿಮಿಷ. ಎಲ್ಲರೂ ಗಪ್‌ಚಿಪ್ಪಾದರು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು.

ಇಪ್ಪತ್ತನೆಯ ಸೆಕೆಂಡಿಗೆ ತಾಯಿ ಚೀಟಿ ಮಡಿಚಿದರು. "ತೆರೆದಿದ್ರೆ ನನ್ನ ಮಗಳ ಉಗುರೆಲ್ಲ ಯಾಕೆ ಕಿತ್ತು ಬಂದಿತ್ತು? ಬೀಗ ಹಾಕಿದ್ಯಾರು ಅಂತ ಒಬ್ಬರಾದ್ರೂ ಹೇಳ್ರಪ್ಪಾ."

"ಆರಿಸು" ಎಂದರು ಮ್ಯಾನೇಜರು.

"ಇನ್ನೂ ನಿಮಿಷ ಆಗಿಲ್ಲ ಸರ್" ಎಂದಳು ಆಕೆ.

"ಆರಿಸು ಅಂದೆ! ನಿನಗೆ ಆ ಕುರ್ಚಿ ಯಾಕೆ ಸಿಕ್ತು ಅಂತ ಮರೆತುಬಿಟ್ಯಾ?"

ಆಕೆ ಆರಿಸಲಿಲ್ಲ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟು ಮುಂದೆ ಬಂದು, ತಾಯಿಯ ಕಾಲ ಬಳಿ ನೆಲದ ಮೇಲೆ ಕೂತಳು.

"ಬಾಯಿ ಮುಚ್ಕೊಂಡು ಏಳು ಅಲ್ಲಿಂದ!"

"ಏಳಲ್ಲ" ಎಂದಳು. ಆಮೇಲೆ ಮೊದಲ ಸಲ ತಾಯಿಯ ಮುಖ ನೋಡಿದಳು.

"ಹಿಂಬಾಗಿಲು ಕಾಯ್ತಿದ್ದೋಳು ನಾನೇ ಅಮ್ಮಾ, ಹಾಕು ಅಂದೋರು ಇವರು, ಬೀಗ ಹಾಕಿದ್ದು ನಾನು."