ಎಸೆಯುವ ಕೈ

"ಕಟ್ಟಿದ್ದು ನೀನೇ, ಯಾರೂ ಇಲ್ಲ ಅನ್ನೋದಿಲ್ಲ. ಆದ್ರೆ ಹಾರಿಸೋದು ಮಾತ್ರ ಅಣ್ಣ ಹಾರಿಸ್ಲಿ," ಎಂದು ಅಪ್ಪ ಮಗಳ ಕೈಯಲ್ಲಿದ್ದ ರಿಮೋಟಿಗೆ ಕೈ ಚಾಚಿದರು.

ಹುಡುಗಿ ರಿಮೋಟನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಮೈದಾನದಲ್ಲಿ ಅವರ ಮನೆಯ ನಾಲ್ವರನ್ನು ಬಿಟ್ಟರೆ ಇದ್ದದ್ದು ಒಂದು ನಾಯಿ. ಹುಲ್ಲಿನ ಮೇಲೆ ಹಾಸಿದ ಹಳೆಯ ಟವೆಲಿನಲ್ಲಿ ಫೋಮ್ ಜೆಟ್ ಮಲಗಿತ್ತು. ತೋಳುದ್ದದ ಬಿಳಿ ವಿಮಾನ. ಹೊಟ್ಟೆಯೊಳಗೆ ಫ್ಯಾನ್, ಕೆಳಗೆ ಚಕ್ರಗಳಿಲ್ಲ. ಒಬ್ಬರು ಕೈಯಿಂದ ಎಸೆಯಬೇಕು, ಇನ್ನೊಬ್ಬರು ಹಾರಿಸಬೇಕು.

ಮೊದಲು ಅದು ಅಣ್ಣನದೇ. ಮಾವ ತಂದುಕೊಟ್ಟ ಕಿಟ್ಟನ್ನು ಅವನು ಒಂದೇ ಮಧ್ಯಾಹ್ನದಲ್ಲಿ ಅಂಟಿಸಿ, ವೇಗ ಸಾಲದೆಂದು ದೊಡ್ಡ ಬ್ಯಾಟರಿ ತುರುಕಿದ್ದ. ಭಾರವೆಲ್ಲ ಮುಂದಕ್ಕೆ ಬಿದ್ದು, ಎಸೆದ ಕೈಯೆದುರಿಗೇ ಜೆಟ್ ನೆಲಕ್ಕೆ ಮೂಗು ಕುಟ್ಟಿತ್ತು. ಕಿಟ್ಟೇ ಸರಿಯಿಲ್ಲ ಎಂದು ಅಟ್ಟಕ್ಕೆ ಹಾಕಿದ. ತಂಗಿ ಅದನ್ನು ಕೆಳಗಿಳಿಸಿದಳು. ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಜಜ್ಜಿದ ಮೂಗನ್ನು ಅದ್ದಿ ಹಿಡಿದರೆ, ಫೋಮ್ ಮೆಲ್ಲಗೆ ಉಬ್ಬಿ ಮತ್ತೆ ಮೂಗಾಗುತ್ತಿತ್ತು. ಆಮೇಲೆ ಆರು ಅಲಗಿನ ಫ್ಯಾನ್ ತೆಗೆದು ಹನ್ನೆರಡು ಅಲಗಿನದನ್ನು ಕೂರಿಸಿದಳು. ರೆಕ್ಕೆ ಬಳುಕದಂತೆ ಕಾರ್ಬನ್ ಕಡ್ಡಿ ಸೇರಿಸಿದಳು. ಬ್ಯಾಟರಿಯ ಗೂಡನ್ನು ಹಿಂದಕ್ಕೆ ಕೊರೆದು ಕೊರೆದು, ಎರಡು ಬೆರಳ ಮೇಲೆ ಜೆಟ್ ತಕ್ಕಡಿಯಂತೆ ಸಮವಾಗಿ ನಿಲ್ಲುವವರೆಗೂ ಬಿಡಲಿಲ್ಲ. ಎಷ್ಟೋ ಸಲ ಊಟ ತಡವಾಯಿತು. ಅಮ್ಮ ಒಲೆ ಬಿಟ್ಟುಕೊಟ್ಟು, ಪಕ್ಕದಲ್ಲಿ ತರಕಾರಿ ಹೆಚ್ಚುತ್ತಾ ಕೂತಿರುತ್ತಿದ್ದಳು.

"ನೀನು ಹಾರಿಸಿರೋದೆಲ್ಲ ಕಂಪ್ಯೂಟರ್ ಗೇಮಿನೊಳಗೆ," ಅಣ್ಣ ನಕ್ಕ. "ಅಲ್ಲಿ ಬಿದ್ರೆ ಬಟನ್ ಒತ್ತಿದ್ರೆ ಎದ್ದು ಬರತ್ತೆ. ಇಲ್ಲಿ ಬಿದ್ರೆ ಚೀಲಕ್ಕೆ ತುಂಬ್ಕೊಂಡು ಹೋಗ್ಬೇಕು."

"ನೀನು ಹಾರಿಸಿದ್ದನ್ನೂ ಚೀಲಕ್ಕೇ ತುಂಬ್ಕೊಂಡು ಬಂದಿದ್ವಲ್ಲ," ಎಂದಳು ತಂಗಿ.

ಅಪ್ಪನಿಗೆ ನಗು ಬಂತು, ನುಂಗಿಕೊಂಡರು. "ಹಟ ಮಾಡ್ಬೇಡ ಪುಟ್ಟಿ. ಮುರಿದ್ರೆ ನಿಂಗೇ ಸಂಕಟ. ಮೊದಲ ಸಲ ಅವನು ಹಾರಿಸ್ಲಿ, ಆಮೇಲೆ ನೀನು."

"ಆ ಮೊದಲ ಸಲಕ್ಕೇ ಅಪ್ಪ, ನಾನು ಇಷ್ಟು ದಿನ ಕೂತು ಕಟ್ಟಿದ್ದು."

"ಸರಿ, ಎಸೆಯೋರು ಯಾರು?" ಅಣ್ಣ ಎರಡೂ ಕೈ ಜೇಬಿಗಿಳಿಸಿದ. "ನಾನಂತೂ ಎಸೆಯಲ್ಲ. ಅಪ್ಪನ ಭುಜ ಮೇಲೇಳಲ್ಲ. ನೀನೇ ಎಸಿ, ನೀನೇ ಹಾರ್ಸು."

ಹುಡುಗಿ ಟವೆಲಿನ ಮೇಲಿನ ಜೆಟ್ಟಿನ ಕಡೆ ನೋಡಿದಳು. ರಿಮೋಟ್ ಮಾತ್ರ ಎದೆಯಿಂದ ಕೆಳಗಿಳಿಯಲಿಲ್ಲ.

ಅಷ್ಟು ಹೊತ್ತೂ ಕಲ್ಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ ಅಮ್ಮ ಬೋಗುಣಿ ಪಕ್ಕಕ್ಕಿಟ್ಟಳು. ಮಡಿಲಿನ ಸಿಪ್ಪೆ ಕೊಡವಿ, ಚಪ್ಪಲಿ ಕಳಚಿ, ಟವೆಲಿನ ಬಳಿ ಬಂದು ನಿಂತಳು.

"ಎಲ್ಲಿ ಹಿಡೀಬೇಕು, ತೋರ್ಸು."

"ಹೊಟ್ಟೆ ಕೆಳಗೆ. ಬೆರಳು ಫ್ಯಾನಿನ ಬಾಯಿಗೆ ಹೋಗ್ಬಾರ್ದು. ಮೂಗು ಒಂಚೂರು ಮೇಲೆ. ಹೆದರ್ಕೊಂಡು ಮೆತ್ತಗೆ ಎಸೆದ್ರೆ ಬಿದ್ದೇ ಹೋಗತ್ತೆ ಅಮ್ಮ."

"ನಿಂಗ್ಯಾಕೆ ಇದೆಲ್ಲ?" ಎಂದರು ಅಪ್ಪ. "ಮತ್ತೆ ಮೂಗು ಜಜ್ಜಿಹೋದ್ರೆ?"

"ಇವನು ನಡೆಯೋದು ಕಲಿಯುವಾಗ ದಿನಾ ಮೂಗು ಜಜ್ಜಿಕೊಳ್ತಿದ್ದ," ಅಮ್ಮ ಗಲ್ಲ ಚಾಚಿ ಮಗನನ್ನು ತೋರಿಸಿದಳು. "ಬೀಳ್ತಾನೆ ಅಂತ ಇವನ ಬದಲು ಪಕ್ಕದ ಮನೆ ಹುಡುಗನ್ನ ನಡೆಸಿದ್ವಾ?"

ಜೆಟ್ಟನ್ನು ಹೊಟ್ಟೆಯಡಿ ಹಿಡಿದು ಮೇಲಕ್ಕೆತ್ತಿದಳು. ಹುಡುಗಿ ಹೆಬ್ಬೆರಳಿನಿಂದ ರಿಮೋಟಿನ ಕಡ್ಡಿ ಮೇಲೇರಿಸಿದಳು. ಅಮ್ಮನ ಅಂಗೈ ಮೇಲೆ ಫ್ಯಾನ್ ಕಿರುಚತೊಡಗಿತು. ಒದ್ದೆ ಕಂಬಳಿಗಳನ್ನು ಎತ್ತರದ ತಂತಿಗೆ ಎಸೆದು ಎಸೆದು ಪಳಗಿದ ಕೈ ಅದು. ಅವಳು ಓಡಲಿಲ್ಲ, ಒಂದು ಹೆಜ್ಜೆ ಮುಂದಿಟ್ಟು, ಸೊಂಟದಿಂದ ಬಲ ತಂದು ಎಸೆದಳು.

ಜೆಟ್ ಹೋಯಿತು. ಹೋಗುತ್ತಾ ಕುಸಿಯಿತು. ಹುಲ್ಲಿನ ತುದಿ ಹೊಟ್ಟೆಯನ್ನು ಸವರುವಷ್ಟು ಕೆಳಗೆ.

"ಮೇಲಕ್ಕೆ ಎಳಿ, ಎಳಿ," ಅಣ್ಣ ಕೂಗಿದ.

ಅವಳು ಎಳೆಯಲಿಲ್ಲ. ವೇಗ ಬರುವ ಮೊದಲೇ ಎಳೆದರೆ ಜೆಟ್ ಗಾಳಿಯಲ್ಲಿ ನಿಂತುಬಿಡುತ್ತದೆ, ಮರುಕ್ಷಣ ಕಲ್ಲಿನಂತೆ ಬೀಳುತ್ತದೆ. ಅದನ್ನು ಅವಳು ಕಂಪ್ಯೂಟರಿನೊಳಗೆ ಬಿದ್ದು ಬಿದ್ದೇ ಕಲಿತಿದ್ದಳು. "ಎಳಿಯೇ," ಎಂದು ಈ ಸಲ ಅಪ್ಪನೂ ಕೂಗಿದರು. ಹೆಬ್ಬೆರಳು ಅಲುಗಲಿಲ್ಲ. ಫ್ಯಾನಿನ ದನಿ ತೆಳ್ಳಗಾಯಿತು, ಚೂಪಾಯಿತು. ಆಗ ಎಳೆದಳು.

ಮೈದಾನದ ಅಂಚಿನ ಮರಗಳ ತಲೆ ದಾಟಿ ಬಿಳಿ ಜೆಟ್ ಅಗಲವಾಗಿ ತಿರುಗಿತು. ನಾಯಿ ಬೊಗಳುತ್ತಾ ಹಿಂದೆ ಓಡಿ, ಸೋತು ಕೂತಿತು. ಅಪ್ಪ ಕತ್ತು ಮೇಲೆತ್ತಿದವರು ಇಳಿಸಲೇ ಇಲ್ಲ. ಅಮ್ಮ ಬೋಗುಣಿಯ ಬಳಿಗೆ ಹೋಗಿ ಬಟಾಣಿ ಕೈಗೆತ್ತಿಕೊಂಡಳು, ಸುಲಿಯಲು ಮರೆತಿದ್ದಳು.

ಕೊನೆಗೆ ಜೆಟ್ ಹೊಟ್ಟೆಯ ಮೇಲೆ ಹುಲ್ಲಿನಲ್ಲಿ ಜಾರಿ ನಿಂತಿತು. ಎಲ್ಲರಿಗಿಂತ ಮೊದಲು ಓಡಿದವನು ಅಣ್ಣ. ಎತ್ತಿಕೊಂಡು ಬಂದ, ತಿರುಗಿಸಿ ತಿರುಗಿಸಿ ನೋಡಿದ. ಮೂಗಿನ ತುದಿ ಒಂದಿಷ್ಟು ಚಪ್ಪಟೆಯಾಗಿತ್ತು. ಅದನ್ನು ಬೆರಳಿಂದ ಸವರಿ, ಜೆಟ್ಟನ್ನು ತಂಗಿಗೆ ಚಾಚಿದ.

"ಬ್ಯಾಟರಿ ಇನ್ನೂ ಇದ್ಯಾ? ನಂಗೊಂದ್ಸಲ ರಿಮೋಟ್ ಕೊಡ್ತೀಯಾ?"

ತಂಗಿ ಜೆಟ್ಟಿನ ಮೂಗಿಗಂಟಿದ ಹುಲ್ಲನ್ನು ಬೆರಳಿಂದ ಒರೆಸಿದಳು.

"ಕೊಡ್ತೀನಿ. ಮೊದಲು ಎಸೆಯೋದು ಕಲಿ, ಅಮ್ಮನ ಹತ್ರ."