ಹೂಂ ಅನ್ನುವ ಪುಟ

ಕಥೆ ಮುಗಿದು, ಕನ್ನಡ ಶಾಲೆಯ ಕುಮುದಿನಿ ಅಕ್ಕೋರು ಕೈಮುಗಿದು, ಲ್ಯಾಪ್‌ಟಾಪಿನಲ್ಲಿ ಬರೆದದ್ದನ್ನು ಉಳಿಸುವ ‘ಗಂಟು ಕಟ್ಟು’ ಎಂಬ ಗುಂಡಿ ಒತ್ತಿದ ಕೂಡಲೇ ಕಥೆಯ ಏಳೂ ಗುಡ್ಡಗಳು ಮಾಯವಾದವು. ಟೈಪು ಮಾಡಿದ್ದರಲ್ಲಿ ಒಂದಕ್ಷರವೂ ಉಳಿಯಲಿಲ್ಲ. ಬಿಳಿಯ ಪರದೆಯ ನಡುವೆ ಒಂದೇ ಸಾಲು: ‘ದಯವಿಟ್ಟು ಮತ್ತೆ ಲಾಗಿನ್ ಆಗಿ.’

“ಮೂರನೇ ಸಲ ನೋಡವಾ,” ಎಂದಳು ಕಥೆ ಹಾಡಿದ ಮುದುಕಿ ಚಂದ್ರವ್ವ, ಗೋಡೆಗೆ ಒರಗಿ. “ಮೂರೂ ಸಲ ನಿಮ್ಮ ಪೆಟ್ಟಿಗಿ ನುಂಗಿ ನೀರು ಕುಡದೈತಿ. ಹಾಡಿದಾಗೊಮ್ಮೆ ನನಗ ಒಂದೊಂದು ಸಾಲು ಜಾರಾಕತ್ತೈತಿ. ಬರೂ ಸೋಮವಾರ ಒಮ್ಮೆ ಹಾಡತೀನಿ. ಆಮ್ಯಾಲ ಕೇಳಬ್ಯಾಡ್ರಿ.”

ಮುಗ್ಧಾ ತಲೆ ತಗ್ಗಿಸಿದಳು. ಹಾಡುಗಳನ್ನು ಕೂಡಿಡುವ ‘ಪದಗಂಟು’ ಜಾಲತಾಣ ಕಟ್ಟಿದವಳು ಅವಳೇ. ಬೆಳಗಾವಿಯ ಶಹಾಪುರದ ಆಫೀಸಿನಲ್ಲಿ, ಕೆಳಗಿನ ಮಗ್ಗಗಳ ಖಟಖಟ ಕೇಳುತ್ತ ಮೂರು ವಾರ ಸರ್ವರ್ ತಡಕಿ, ಏನೂ ಸಿಗದೆ, ಕಣ್ಣಾರೆ ನೋಡಲೆಂದು ಖಾನಾಪುರಕ್ಕೆ ಬಂದಿದ್ದಳು. ಸಣ್ಣ ಸಣ್ಣ ಹಾಡುಪದ ಬರೆಯುವ ಬೇರೆ ಯಾರಿಗೂ ಹೀಗಾಗಿರಲಿಲ್ಲ. ಈ ಹೊಳೆವ್ವನ ಕಥೆಯೋ ಒಂದು ತಾಸಿನದು. ಕಣಕುಂಬಿಯ ಕಾಡಿನಲ್ಲಿ ಹುಟ್ಟಿದ ಹೊಳೆ ಏಳು ಗುಡ್ಡ ಇಳಿದು ಸಮುದ್ರದ ಮನೆಗೆ ನಡೆಯಲು ಹೊರಡುವ ಕಥೆ. ಅದು ಚಂದ್ರವ್ವನ ಬಾಯಲ್ಲಿ ಮಾತ್ರ ಉಳಿದಿತ್ತು. ಮೊಬೈಲಿನಲ್ಲಿ ಹಿಡಿಯಲು ಅವಳು ಒಪ್ಪಿರಲಿಲ್ಲ. “ಪದ ಊರಿಂದು, ದನಿ ನಂದು” ಎಂದುಬಿಟ್ಟಿದ್ದಳು.

“ಅಕ್ಕೋರ, ನಡುನಡುವ ಒಮ್ಮೊಮ್ಮೆ ಆ ಗುಂಡಿ ಒತ್ತಿದ್ದರ...”

“ಅಯ್ಯ, ತುಂಬೂಕಿಂತ ಮೊದಲ ಯಾರರ ಗಂಟು ಕಟ್ತಾರೇನವಾ? ಹಂಗಂತ ಹೆಸರು ಇಟ್ಟಾಕಿ ನೀನ!” ಎಂದರು ಅಕ್ಕೋರು.

ಮುಗ್ಧಾ ನಾಲಿಗೆ ಕಚ್ಚಿಕೊಂಡಳು. ಚಂದ್ರವ್ವನೂ ಅವಳನ್ನು ಬಿಡಲಿಲ್ಲ. “ನೀನರ ಏನ ಕಡಿಮಿ? ತಾಸುಗಟ್ಲೆ ಬಾಜೂಕ ಕುಂತಿ. ಒಮ್ಮೆಯರ ಹೂಂ ಅಂದೇನು? ಹೂಂ ಅನ್ನಲಿಲ್ಲಂದ್ರ, ಕೇಳಾವ್ರು ಅದಾರೋ ಎದ್ದು ಹೋದ್ರೋ, ಹೇಳಾಕಿಗೆ ಹ್ಯಾಂಗ ತಿಳೀಬೇಕು?”

ಆ ಮಾತಿಗೆ ಮುಗ್ಧಾಗೆ ತಟ್ಟನೆ ಹೊಳೆಯಿತು. ಗುಂಡಿ ಒತ್ತುವ ತನಕ ಅಕ್ಕೋರ ಬೆರಳುಗಳ ಓಟ ಬೆಳಗಾವಿಯ ಸರ್ವರ್‌ಗೆ ಕೇಳಿಸುವುದೇ ಇಲ್ಲ. ಅರ್ಧ ತಾಸು ಸದ್ದಿಲ್ಲದಿದ್ದರೆ ಆಚೆಯವರು ಎದ್ದು ಹೋದರೆಂದು ತಿಳಿದು ಅದು ಬಾಗಿಲು ಹಾಕಿಕೊಳ್ಳುತ್ತದೆ. ಹಾಗೆ ಮಾಡು ಎಂದು ಬರೆದವಳೂ ಅವಳೇ. ಮೌನವಾಗಿ ಕೇಳುತ್ತ ಕೂತವರೂ ಉಂಟು ಎಂಬುದು ಅವಳ ಲೆಕ್ಕದಲ್ಲಿರಲಿಲ್ಲ.

ಮರುದಿನ ಅವಳು ಅಕ್ಕೋರು ಬರೆಯುವ ಆ ಪುಟಕ್ಕೆ ಒಂದು ಹೊಸ ಪಾಠ ಕಲಿಸಿದಳು. ಪುಟ ತೆರೆದಿರುವ ತನಕ ಎರಡೆರಡು ನಿಮಿಷಕ್ಕೊಮ್ಮೆ ಸರ್ವರ್‌ಗೆ ತಾನಾಗಿಯೇ ಒಂದು ಮಾತು ಕಳಿಸಬೇಕು. ಯಾವ ಮಾತಾದರೂ ನಡೆಯುತ್ತಿತ್ತು. ಅವಳು ‘ಹೂಂ’ ಎಂದು ಬರೆದಳು.

ಸೋಮವಾರ ಮಧ್ಯಾಹ್ನ ಶಹಾಪುರದಲ್ಲಿ ಕೂತ ಅವಳ ಪರದೆಗೆ ಖಾನಾಪುರದಿಂದ ಹೂಂ ಬರತೊಡಗಿತು. ಒಂದು ಹೂಂ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಅರ್ಧ ತಾಸು ದಾಟಿತು, ಬಾಗಿಲು ಮುಚ್ಚಲಿಲ್ಲ. ಕೆಳಗೆ ಮಗ್ಗಗಳು ಆಡುತ್ತಿದ್ದವು. ಆ ಸದ್ದಿನೊಳಗೇ ಎಲ್ಲೋ ನೀರು ಕಲ್ಲಿನಿಂದ ಕಲ್ಲಿಗೆ ಇಳಿಯುತ್ತಿದೆ ಎನಿಸಿ ಅವಳು ಕಣ್ಣು ಮುಚ್ಚಿದಳು. ಒಂದು ತಾಸಾಯಿತು. ಒಂದೂವರೆ ತಾಸಾಯಿತು. ಫೋನು ಗುಂಯ್‌ಗುಟ್ಟಿತು.

“ಮುಗ್ಧಾ,” ಅಕ್ಕೋರ ಪಿಸುದನಿ. “ಚಂದ್ರವ್ವ ಆಯಿ ಏಳನೇ ಗುಡ್ಡದ ಮ್ಯಾಲೆ ನಿಂತುಬಿಟ್ಟಾರ. ಅರ್ಧ ತಾಸಾತು, ಕಡೀ ಸಾಲು ಸಿಗವಲ್ದು.”

“ನಿಮಗ ನೆನಪಿಲ್ಲೇನ್ರಿ? ಮೂರು ಸಲ ಬರದೀರಿ.”

“ಅದರಾಗ ಇರತೈತಿ ಬಿಡು ಅಂತ ನಾ ತಲಿಯಾಗ ಇಟಗೊಳ್ಳಲೇ ಇಲ್ಲವಾ. ನೀನೂ ಕೇಳಿದ್ಯಲ್ಲ?”

ಅವತ್ತು ಒಂದು ತಾಸು ಮುಗ್ಧಾ ಪರದೆಯನ್ನಷ್ಟೇ ನೋಡಿದ್ದಳು.

“ಇದ್ದಷ್ಟಕ್ಕ ಗಂಟು ಕಟ್ಟಿಬಿಡಲೇನು?”

“ಬ್ಯಾಡ್ರಿ ಅಕ್ಕೋರ. ಪುಟ ಎಷ್ಟೊತ್ತಿದ್ದರೂ ಕಾಯತೈತಿ. ಫೋನ ಆಯೀ ಬಾಜೂಕ ಇಡ್ರಿ.”

ಅತ್ತ ಮುದುಕಿಯ ಉಸಿರು ಮಾತ್ರ ಏರಿ ಇಳಿಯುತ್ತಿತ್ತು. ಮುಗ್ಧಾ ಫೋನನ್ನು ತುಟಿಗೆ ಹತ್ತಿರ ತಂದು, ಹುಟ್ಟಿದಾಗಿನಿಂದ ಯಾರಿಗೂ ಅಂದಿರದ ಹಾಗೆ, ಮೆತ್ತಗೆ ಅಂದಳು: “ಹೂಂ...”

ಉಸಿರು ನಿಂತಿತು. ಆಮೇಲೆ ನೆಲದೊಳಗಿಂದ ಬಂದಂಥ ದನಿಯೊಂದು ಎದ್ದಿತು.

“ಏಳು ಗುಡ್ಡದ ತುದಿಗಿ ನಿಂತಾಳ ಹೊಳೆವ್ವ
ಹಿಂದಕ್ಕ ತಿರುಗಿ ಕೇಳ್ಯಾಳ, ತವರವ್ವ
ಹೂಂ ಅನ್ನ, ಮುಂದಕ್ಕ ಹರದೇನ.”

ಬೆಳಗಾವಿಯ ಪರದೆಯ ಮೇಲೆ ಆಗಲೇ ಒಂದು ಹೂಂ ಬಂದು ನಿಂತಿತ್ತು.