ಜೊಂಡು ಮುಗಿಯುವಲ್ಲಿ

"ಹನ್ನೆರಡು ಸೆಂಟಿಮೀಟರ್!"

ಮಂಜುಗಡ್ಡೆಯಲ್ಲಿ ಬೈರಿಗೆಯಿಂದ ಕೊರೆದ ತೂತಿನಿಂದ ಅಳತೆಕೋಲು ಎಳೆದು ಯಾಕೋಮಿನಾ ಕೂಗಿದ್ದೇ ತಡ, ಕಾಲುವೆಯ ದಡದಲ್ಲಿ ನಿಂತಿದ್ದ ಊರಿಗೆ ಊರೇ ಹೋ ಎಂದಿತು. ಜೀಲ್ಯಾಂಡಿನ ಈ ತಗ್ಗು ನೆಲದಲ್ಲಿ ನೀರು ಹೀಗೆ ಕಲ್ಲಾಗಿ ಹನ್ನೊಂದು ಚಳಿಗಾಲವಾಗಿತ್ತು. ಗಡ್ಡೆ ಪರೀಕ್ಷಿಸಿ ಸ್ಕೇಟಿಂಗ್ ಪಂದ್ಯದ ಬಾವುಟ ಏರಿಸುವ ಹೊಣೆ ಅಷ್ಟು ವರ್ಷವೂ ಅವಳದೇ. ಏರಿಸುವ ಭಾಗ್ಯ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಸಂಜೆಗೆ ಗಾಳಿ ತಿರುಗಿ ಕಡಲ ಕಡೆಯಿಂದ ಬೆಚ್ಚಗೆ ಬೀಸುತ್ತದೆ, ಗಡ್ಡೆ ಕರಗುತ್ತದೆ ಎಂದು ರೇಡಿಯೊ ಹೇಳಿತ್ತು. ಪಂದ್ಯ ಆದರೆ ಇವತ್ತೇ.

"ಏರ್ಸು ಚಿಕ್ಕಮ್ಮ!" ಅಕ್ಕನ ಮಗ ಕ್ರೈನ್ ಆಗಲೇ ಸ್ಕೇಟ್ ಕಟ್ಟಿ ಕುಣಿಯುತ್ತಿದ್ದ. "ಕಡಲ ಒಡ್ಡಿನವರೆಗೂ ಒಂದೇ ಉಸಿರು. ಅಪ್ಪನ ದಾಖಲೆ ಇವತ್ತು ಪುಡಿಪುಡಿ!"

"ತಡಿಯೋ, ಆ ತುದಿ ಇನ್ನೂ ನೋಡಿಲ್ಲ."

ಒಡ್ಡಿಗೆ ನೂರು ಹೆಜ್ಜೆ ಇರುವಾಗಲೇ ದಡದ ಜೊಂಡುಹುಲ್ಲು ನಿಂತುಹೋಗಿತ್ತು. ಜನರೊಂದಿಗೆ ಅಲ್ಲಿಗೆ ನಡೆದ ಯಾಕೋಮಿನಾ ಬಗ್ಗಿ ಗಡ್ಡೆಯ ಚೂರೊಂದನ್ನು ಕೆತ್ತಿ ನಾಲಿಗೆಗಿಟ್ಟಳು. ಥೂ ಎಂದು ಉಗಿದಳು.

"ಉಪ್ಪು."

"ಪಂದ್ಯ ಇಡೋಕೆ ಬಂದ್ಯಾ, ಸಾರಿನ ರುಚಿ ನೋಡೋಕಾ?" ಎಂದ ಕ್ರೈನ್. ಜನ ಗೊಳ್ಳೆಂದರು.

"ಒಡ್ಡಿನ ಅಡಿಯಿಂದ ಕಡಲು ಜಿನುಗ್ತಿದೆ ಕಣೋ. ಉಪ್ಪುನೀರು ಬೇಗ ಗಟ್ಟಿಯಾಗಲ್ಲ. ಜೊಂಡಿಗಿರೋ ಬುದ್ಧಿನೂ ನಿನಗಿಲ್ಲ, ನೋಡು, ಉಪ್ಪು ಶುರುವಾದಲ್ಲೇ ಅದು ನಿಂತಿದೆ!"

"ಕಣ್ಣಿಗೆಲ್ಲಾ ಒಂದೇ ಥರ ಇದೆ. ದೂರ ಕಮ್ಮಿ ಮಾಡಿದ್ರೆ ಅದ್ಯಾವ ದಾಖಲೆ?"

ಯಾಕೋಮಿನಾ ಕಬ್ಬಿಣದ ಬೈರಿಗೆಯನ್ನೇ ಎತ್ತಿ ಜೊಂಡಿನಾಚೆಗೆ ಬೀಸಿ ಎಸೆದಳು. ಅದು ಗಂಜಿಗೆ ಬಿದ್ದ ಚಮಚದಂತೆ ಬುಳುಕ್ ಎಂದು ಮಾಯವಾಯಿತು. ಅವಳು ಕೊರಳಿನ ಕೆಂಪು ಶಾಲು ಬಿಚ್ಚಿ ಕೊನೆಯ ಜೊಂಡಿಗೆ ಕಟ್ಟಿದಳು. "ಪಂದ್ಯ ಮುಗಿಯೋ ಗೆರೆ ಇದೇ. ಹೊರಡಿ!"

ಬಾವುಟ ಏರಿತು. ಹನ್ನೊಂದು ವರ್ಷದ ಮಡಿಕೆಗಳನ್ನು ಬಿಡಿಸಿಕೊಂಡು, ಮೂಡಣ ಗಾಳಿಗೆ ಕಡಲಿನತ್ತ ಪಟಪಟಿಸಿತು. ಕ್ರೈನ್ ಎರಡು ಸಲ ಮುಗ್ಗರಿಸಿ, ಬೇಕರಿಯವನ ಹೆಂಡತಿಯ ಹಿಂದೆ ಎರಡನೆಯವನಾಗಿ ಬಂದ. ಅವಳು ಅವನಿಗೆ ಬಿಸಿ ಬಟಾಣಿ ಸೂಪು ಕೊಟ್ಟು, "ದಾಖಲೆ ಬಿಸಿ ಇದೆ, ಊದ್ಕೊಂಡು ಕುಡಿ" ಎಂದಳು. ನಗುವೋ ನಗು.

ಆಗ ಬಾವುಟ ಜೋತುಬಿತ್ತು. ಕಡಲ ಗಾಳಿಗೆ ಮೆಲ್ಲಗೆ ಎದ್ದು ಊರಿನ ಕಡೆಗೆ ತಿರುಗಿತು. ಜನ ಒಬ್ಬೊಬ್ಬರಾಗಿ ಸ್ಕೇಟ್ ಬಿಚ್ಚತೊಡಗಿದರು.

ಯಾಕೋಮಿನಾ ಮಾತ್ರ ದಡದಲ್ಲಿ ಕೂತು ತನ್ನ ಸ್ಕೇಟಿನ ಪಟ್ಟಿ ಬಿಗಿಯುತ್ತಿದ್ದಳು.

"ನಾನೊಂದು ಸುತ್ತು ಹೊಡ್ಕೊಂಡು ಬರ್ತೀನಿ," ಎಂದಳು. "ಅಲ್ಲೀವರೆಗೆ ಯಾರೂ ಬಾವುಟ ನೋಡ್ಬೇಡಿ."